ಸೊನ್ನೆ ಸುತ್ತಿದ ಅಕ್ಷರ

ಶಿರಾದಲ್ಲಿ ಹುಸೇನ್ ಸಾಬರ ಮನೆಯ ಮಹಡಿಯನ್ನು ಬಾಡಿಗೆಗೆ ನೋಡಲು ಹೋದ ದಿನ, ಎಲ್ಲರೂ ನೀರಿನ ವಿಷಯ ಕೇಳುವಲ್ಲಿ ನಾನು ವಾಸನೆಯ ವಿಷಯ ಕೇಳಿದೆ. ಕೆಳಗೆ ಬೀದಿಗೆ ಮುಖ ಮಾಡಿ ಒಂದು ತಗಡಿನ ಶೆಡ್ಡು. ಬಣ್ಣ, ಸೀಮೆಎಣ್ಣೆ, ಥಿನ್ನರ್ ಎಲ್ಲ ಕಲೆತ ಘಾಟು ಅಲ್ಲಿಂದ ಮೆಟ್ಟಿಲು ಹತ್ತಿ ಬರುತ್ತಿತ್ತು. ನನ್ನ ಮಗಳಿಗೆ ಉಬ್ಬಸ. ಬೆಂಗಳೂರಿನ ಡಾಕ್ಟರು ಊದುಬತ್ತಿ ಕೂಡ ಹಚ್ಚಬೇಡಿ ಎಂದಿದ್ದರು.

"ಈ ವಾಸನೆ ಯಾವಾಗಲೂ ಇರುತ್ತಾ?" ಎಂದೆ.

ಉತ್ತರ ಕೊಟ್ಟದ್ದು ಹುಸೇನ್ ಸಾಬರ ಮಗ ಸುಹೇಲ್.

"ಇನ್ನೆಷ್ಟ್ ದಿನ ಬುಡಿ ಮೇಡಂ. ಶೆಡ್ಡು ಹೋಯ್ತದೆ, ವಾಸ್ನೆನೂ ಹೋಯ್ತದೆ, ನಮ್ ಅಬ್ಬಾನ ಗತ್ತೂ ಹೋಯ್ತದೆ."

ಅಬ್ಬಾ ಎನ್ನುವವರು ಅಲ್ಲೇ ಕೈಯಳತೆಯಲ್ಲಿ ಕೂತು ಬ್ರಷ್ಷು ತೊಳೆಯುತ್ತಿದ್ದರು.

ಹುಸೇನ್ ಸಾಬರು ಬೋರ್ಡು ಬರೆಯುವವರು. ಶಿರಾದ ಹಳೆಯ ಅಂಗಡಿಗಳ ಷಟರು, ಕಡಲೆಕಾಯಿ ಮಂಡಿಗಳ ಗೋಡೆ, ಗೊರವನಹಳ್ಳಿಗೆ ಜನರನ್ನು ಹೊತ್ತೊಯ್ಯುವ ಬಸ್ಸುಗಳ ಹಣೆ, ಪಾವಗಡದ ಕಡೆಯ ಲಾರಿಗಳ ಬೆನ್ನು, ಇವುಗಳ ಮೇಲೆ ಇನ್ನೂ ಮಾಸದೆ ಉಳಿದ ಅಕ್ಷರಗಳಲ್ಲಿ ಬಹುಪಾಲು ಅವರವೇ. ಕನ್ನಡ, ಇಂಗ್ಲಿಷು, ಉರ್ದು, ಗಿರಾಕಿ ಕೇಳಿದರೆ ತೆಲುಗು. ಓದಿದ್ದು ಮಧುಗಿರಿಯಲ್ಲಿ ಏಳನೇ ಕ್ಲಾಸಿನ ತನಕ. ಆದರೆ ಅಕ್ಷರದ ವಿಷಯಕ್ಕೆ ಬಂದರೆ ಅವರಷ್ಟು ನಿರ್ದಯಿ ಮನುಷ್ಯನನ್ನು ನಾನು ಕಂಡಿಲ್ಲ.

ಸುಹೇಲ್ ಪ್ರೈಮರಿ ಶಾಲೆಯಲ್ಲಿದ್ದಾಗ ಬಸ್ ಸ್ಟ್ಯಾಂಡಿನ ಎದುರಿನ ಬೇಕರಿಯ ಬೋರ್ಡಿನಲ್ಲಿ ಒಂದು 'ಶ' ಬರೆಯಲು ಬಿಟ್ಟಿದ್ದರಂತೆ. ಹುಡುಗನ ಶ ಹೊಟ್ಟೆ ಬಿಟ್ಟುಕೊಂಡು ಕೂತಿತು. ಸಾಬರು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಅಕ್ಷರವನ್ನು ಒರೆಸಿದರು. ಆಮೇಲೆ ಅದೇ ಬಟ್ಟೆಯಿಂದ ಮಗನ ಮುಖವನ್ನೂ ಒರೆಸಿದರು. ಬೇಕರಿಯಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ನಕ್ಕರು. ಇದನ್ನು ನನಗೆ ಹೇಳಿದ್ದು ಸಾಬರ ಹೆಂಡತಿ ಅಮೀರ್ ಬಿ, ಮೊರದಲ್ಲಿ ಕಡಲೆಕಾಯಿ ಸುಲಿಯುತ್ತಾ, ಪಕ್ಕದ ಬೀದಿಯ ಸುದ್ದಿ ಹೇಳಿದಷ್ಟೇ ಸಲೀಸಾಗಿ.

"ಆಮ್ಯಾಕೆ ಅವ್ನು ಬ್ರಷ್ಷು ಮುಟ್ಲಿಲ್ಲ ಕಣಮ್ಮ. ಮುಟ್ಟಿದ್ರೆ ಕೈ ನಡುಗೋದು. ಕಂಪ್ಯೂಟರ್ ಮುಟ್ಟಿದ. ಅದು ನಡುಗಲ್ವಲ್ಲ."

ಸುಹೇಲ್ ದೊಡ್ಡವನಾದ ಮೇಲೆ ಶೆಡ್ಡಿನ ಪಕ್ಕದ ಕೋಣೆಯಲ್ಲೇ ಫ್ಲೆಕ್ಸ್ ಅಂಗಡಿ ಹಾಕಿದ. ಅಪ್ಪ ದಿನಗಟ್ಟಲೆ ಬರೆಯುವ ಬೋರ್ಡು ಮಗನ ಮೆಷಿನ್ನಿನಿಂದ ಟೀ ಆರುವುದರೊಳಗೆ ಹೊರಗೆ ಬರುತ್ತಿತ್ತು. ಊರು ಮಗನ ಬಾಗಿಲಿಗೆ ಹೋಯಿತು. ಸಾಬರೇನೂ ಸುಮ್ಮನೆ ಕೂರಲಿಲ್ಲ. ಕಂಪ್ಯೂಟರಿನ ಅಕ್ಷರದಲ್ಲಿ ಒತ್ತು ಒಂದು ಕಡೆ, ದೀರ್ಘ ಇನ್ನೊಂದು ಕಡೆ ಬೀಳುವುದುಂಟಲ್ಲ, ಜೇಬಿನಲ್ಲಿ ಕೆಂಪು ಮಾರ್ಕರ್ ಇಟ್ಟುಕೊಂಡು ಹೋಗಿ, ಸರ್ಕಲ್ಲಿನಲ್ಲಿ ಕಟ್ಟಿದ ಮಗನ ಫ್ಲೆಕ್ಸಿಗೆ ಏಣಿ ಒರಗಿಸಿ, ಹಾಡಹಗಲಲ್ಲಿ ಆ ತಪ್ಪಕ್ಷರಗಳ ಸುತ್ತ ಸೊನ್ನೆ ಸುತ್ತಿ ಬರುತ್ತಿದ್ದರು. ಮಧುಗಿರಿಯ ಶಾಲೆಯಲ್ಲಿ ಚಿಕ್ಕನರಸಯ್ಯ ಮೇಷ್ಟ್ರು ಉಕ್ತಲೇಖನದ ತಪ್ಪುಗಳಿಗೆ ಸುತ್ತುತ್ತಿದ್ದಂಥ ಸೊನ್ನೆ. ಕೆಳಗೆ ನಿಂತ ಜನಕ್ಕೆ ಅದೊಂದು ಮಜಾ.

ಅಪ್ಪ ಮಗ ಮನೆಯೊಳಗೆ ಆಡುವ ಮಾತು ಉರ್ದು. ಜಗಳ ಮಾತ್ರ ಕನ್ನಡದಲ್ಲಿ, ಬೀದಿಗೆಲ್ಲ ತಿಳಿಯಲಿ ಎಂದು.

"ಊರ್ನಾಗೆ ನನ್ ಮಾನ ಕಳೀತೀಯಲ್ಲ," ಎನ್ನುತ್ತಿದ್ದ ಸುಹೇಲ್.

"ಇದ್ರೆ ತಾನೆ ಕಳಿಯಾಕೆ," ಎನ್ನುತ್ತಿದ್ದರು ಸಾಬರು.

ನಾವು ಬಂದ ವರ್ಷ ಸುಹೇಲನಿಗೆ ಎರಡನೇ ಮೆಷಿನ್ ತರುವ ಯೋಚನೆ ಬಂತು. ಅದಕ್ಕೆ ಜಾಗವೆಂದರೆ ಆ ಶೆಡ್ಡೊಂದೇ. ಶೆಡ್ಡು ಹೋದರೆ ಸಾಬರು ಬರೆಯುವುದೆಲ್ಲಿ? ಅಮೀರ್ ಬಿ ನಡುವೆ ಬಂದು ಒಂದು ತೀರ್ಮಾನ ಮಾಡಿಸಿದಳು: ಮುಂದಿನ ರಂಜಾನಿನ ಒಳಗೆ ಸಾಬರಿಗೆ ಕಾಯಂ ಆಗಿ ಬರೆಯುವ ಕೆಲಸ ಎಲ್ಲಾದರೂ ಸಿಕ್ಕಿದರೆ ಶೆಡ್ಡು ಅವರದು. ಸಿಗದಿದ್ದರೆ ಶೆಡ್ಡು ಮಗನದು, ಸಾಬರು ಮಗನ ಅಂಗಡಿಯಲ್ಲಿ ಫ್ಲೆಕ್ಸಿನ ಮೂಲೆಗಳಿಗೆ ತೂತು ಹೊಡೆದು ಹಗ್ಗ ಪೋಣಿಸುವ ಲೋಹದ ಕಣ್ಣು ಕೂರಿಸುವ ಕೆಲಸಕ್ಕೆ ಕೂರಬೇಕು. ಬ್ರಷ್ಷು ಹಿಡಿದ ಕೈಗೆ ತೂತು ಹೊಡೆಯುವ ಕೆಲಸ. ಸಾಬರು ಒಪ್ಪಿದರು. ಬೇರೆ ದಾರಿ ಇರಲಿಲ್ಲ.

ಒಂದು ಸಂಜೆ ಅವರು ಮಹಡಿಗೆ ಬಂದರು. ಕೈಯಲ್ಲಿ ಬಿಚ್ಚಿದ ಕಡಲೆಕಾಯಿ ಪೊಟ್ಟಣ. ಬಸ್ ಸ್ಟ್ಯಾಂಡಿನ ಗಾಡಿಯ ಕದಿರಯ್ಯ ಬೇಯಿಸಿದ ಕಾಯಿ ಕಟ್ಟಿಕೊಟ್ಟ ಕಾಗದ. ಅದನ್ನು ನನ್ನ ಗಂಡ ನವೀನನ ಮುಂದೆ ಹರವಿದರು.

"ಇದು ಯಾರ್ದು ಸಾರ್ ಅಕ್ಷರ? ಏನ್ ಬರಹ ಇದು. ಮನೆ ಕಟ್ದಂಗೆ ಕಟ್ಟವ್ರೆ."

ನವೀನ ಹೈವೇ ಪಕ್ಕದ ಜಪಾನಿ ಕಂಪನಿಯಲ್ಲಿ ಖರೀದಿ ವಿಭಾಗದವನು. ನೋಡಿದ ಕೂಡಲೇ ಹೇಳಿದ. "ಇದು ಕಾಂಜಿ, ಸಾಬ್ರೇ. ಜಪಾನಿನವರ ಅಕ್ಷರ. ಒಂದೊಂದು ಅಕ್ಷರವೂ ಒಂದೊಂದು ಪದ. ಅವರ ಮಕ್ಕಳ ಒಂದನೇ ಕ್ಲಾಸಿನ ಪುಸ್ತಕ ಇರಬೇಕು. ಕಂಪನಿಯ ಯಾರೋ ವಾಪಸ್ ಹೋಗುವಾಗ ರದ್ದಿಗೆ ಹಾಕಿದ್ದಾರೆ." ಮಾತು ಮುಂದುವರಿದು ಇನ್ನೊಂದು ಸಂಗತಿಯೂ ಬಾಯಿಗೆ ಬಂತು. ಕಂಪನಿಯ ಅಂಗಳದಲ್ಲಿ ಅಂಟಿಸಿದ ಸ್ಟಿಕ್ಕರುಗಳು ಬಿಸಿಲಿಗೆ ಸಿಪ್ಪೆ ಸುಲಿದಂತೆ ಏಳುತ್ತಿವೆ, ಮ್ಯಾನೇಜರ್ ಓಕುರಾ ಅವರಿಗೆ ಲಾರಿಗಳ ಮೇಲಿನ ಕೈಬರಹ ಕಂಡರೆ ಬಹಳ ಇಷ್ಟ, ಕಾಂಜಿಯನ್ನೂ ಬರೆಯಬಲ್ಲ ಪೇಂಟರ್ ಸಿಕ್ಕಿದರೆ ಎಚ್ಚರಿಕೆಯ ಬೋರ್ಡುಗಳನ್ನೆಲ್ಲ ವರ್ಷವರ್ಷವೂ ಅವನಿಂದಲೇ ಬರೆಸಬಹುದು ಎನ್ನುತ್ತಿದ್ದರು.

ಸಾಬರು ಮೆಟ್ಟಿಲಿಳಿದು ಸೀದಾ ಬಸ್ ಸ್ಟ್ಯಾಂಡಿಗೆ ಹೋದರು. ಉಳಿದ ಕಾಗದವನ್ನೆಲ್ಲ ಕದಿರಯ್ಯನಿಂದ ಕಿತ್ತುಕೊಂಡು ಬಂದರು. ಪುಸ್ತಕದ ಮುಂದಿನ ಅರ್ಧ ಆಗಲೇ ಶಿರಾದ ಜನರ ಕೈಯಲ್ಲಿ ಪೊಟ್ಟಣವಾಗಿ ಹೋಗಿತ್ತು. ಉಳಿದದ್ದು ಹಿಂದಿನ ಅರ್ಧ, ಪರೀಕ್ಷೆಯ ಪುಟಗಳು. ಒಂದು ಚಿತ್ರ, ಪಕ್ಕದಲ್ಲೊಂದು ಖಾಲಿ ಚೌಕ, ಚೌಕದಲ್ಲಿ ಯಾವುದೋ ಮಗು ಪೆನ್ಸಿಲಿನಲ್ಲಿ ಬರೆದ ಅಕ್ಷರ, ಅದರ ಮೇಲೆ ಟೀಚರಿನ ಕೆಂಪು ಗುರುತು.

ಜಪಾನಿ ಕಲಿಯಲು ಇಂಗ್ಲಿಷಿನಲ್ಲಿ ಬೇಕಾದಷ್ಟು ಪುಸ್ತಕಗಳಿವೆ, ಫೋನಿನಲ್ಲೂ ಇದೆ ಎಂದು ನವೀನ ಹೇಳಿದ. ಸಾಬರಿಗೆ ರುಚಿಸಲಿಲ್ಲ.

"ಹೊರಗಿನೋರಿಗೆ ಅಂತ ಬರೆದಿದ್ದು ನಮಗ್ಯಾಕೆ ಸಾರ್? ರೈಲ್ನಾಗೆ ಮಾರ್ತಾರಲ್ಲ, ಕನ್ನಡ ಕಲೀರಿ ಅಂತ, ಅದನ್ನ ಓದ್ದೋನು ಬೋರ್ಡ್ ಬರಿಯಾಕಾಯ್ತದಾ? ಅವ್ರ ಮಕ್ಳು ಓದೋದ್ರಾಗೇ ಕಲೀಬೇಕು. ಅದು ಅಸ್ಲಿ."

ಹಾಗೆ ಶುರುವಾಯಿತು. ಚಿತ್ರ ನೋಡಿ ಅರ್ಥ, ಚೌಕ ನೋಡಿ ಅಕ್ಷರ. ಓದುವುದು ಹೇಗೆಂದು ಅವರಿಗೆ ಬೇಕಿರಲಿಲ್ಲ, ಬೋರ್ಡಿಗೆ ಬಾಯಿ ಇಲ್ಲವಲ್ಲ. ಯಾವ ಅಕ್ಷರ ಸರಿ, ಯಾವುದು ತಪ್ಪು ಎಂಬುದು ಮಾತ್ರ ಗೊತ್ತಾಗಬೇಕಿತ್ತು. ಅದಕ್ಕೆ ಟೀಚರಿನ ಕೆಂಪು ಗುರುತು ಇತ್ತಲ್ಲ. ಕೆಲವದರ ಮೇಲೆ ಟಿಕ್. ಮಿಕ್ಕ ಎಲ್ಲದರ ಸುತ್ತ ಸೊನ್ನೆ. ಕೆಲವು ಪುಟಗಳಲ್ಲಂತೂ ಇಡೀ ಪುಟ ತುಂಬುವಂತೆ ಸುರುಳಿ ಸುತ್ತಿ, ಸುರುಳಿಯ ಸುತ್ತ ದಳದಳವಾಗಿ ಗೀಚಿತ್ತು.

"ಎಂಥಾ ದಡ್ಡ ಮಗು ಇದಮ್ಮ," ಎಂದರು ನನ್ನ ಹತ್ತಿರ. "ಪುಸ್ತಕ ಪೂರಾ ಸೊನ್ನೆ. ಇಲ್ನೋಡಿ, ಟೀಚರಮ್ಮಂಗೆ ರೇಗೋಗಿ ಹೆಂಗೆ ಸುತ್ತಿ ಸುತ್ತಿ ಗೀಚವ್ಳೆ. ನಮ್ ಸುಹೇಲಂಗೇ ಇಷ್ಟ್ ಸೊನ್ನೆ ಬಿದ್ದಿರ್ಲಿಲ್ಲ."

ನನ್ನ ಮಗಳ ಯುಕೆಜಿ ಪುಸ್ತಕ ಅಲ್ಲೇ ಬಿದ್ದಿತ್ತು. ಅದನ್ನು ತೆಗೆದು ನೋಡಿದರು. ಮಿಸ್ಸು ಸರಿಗೆ ಟಿಕ್ ಹಾಕಿ, ತಪ್ಪಿದ ಕಡೆ ಸುತ್ತು ಹಾಕಿದ್ದರು. ಸಾಬರು ತಲೆಯಾಡಿಸಿದರು. ಲೋಕದಲ್ಲಿ ಎಲ್ಲ ಕಡೆಯೂ ಮೇಷ್ಟ್ರುಗಳು ಒಂದೇ ಎನ್ನುವಂತೆ. ನನಗೂ ಹಾಗೇ ಕಂಡಿತು. ನನ್ನ ಗಮನವೆಲ್ಲ ಅವರ ಬೆರಳಿನ ಬಣ್ಣ ಮಗಳ ಪುಸ್ತಕಕ್ಕೆ ತಾಗದಿರಲಿ ಎಂಬುದರ ಮೇಲಿತ್ತು.

ಸೊನ್ನೆ ಸುತ್ತಿದ್ದನ್ನು ಅವರು ಮುಟ್ಟಲಿಲ್ಲ. ಟಿಕ್ ಬಿದ್ದ ಅಕ್ಷರಗಳನ್ನು ಹೆಕ್ಕಿ ಹೆಕ್ಕಿ ಶೆಡ್ಡಿನ ಗೋಡೆಯ ಮೇಲೆ ಕಪ್ಪು ಬಣ್ಣದಲ್ಲಿ ಬರೆದರು. ಮರದ ಕೆಳಗೆ ಮಲಗಿದ ಮನುಷ್ಯನ ಚಿತ್ರದ ಅಕ್ಷರ. ಬಲಗೈ ಎತ್ತಿದ ಹುಡುಗನ ಚಿತ್ರದ ಅಕ್ಷರ. ಕಪ್ಪೆಚಿಪ್ಪಿನ ಅಕ್ಷರ. ನಾಯಿಯ ಅಕ್ಷರ. ಒಂದೊಂದನ್ನೂ ಗೋಡೆ ತುಂಬ ಬರೆದು, ಅಳಿಸಿ, ಮತ್ತೆ ಬರೆದು, ಕೈಗೆ ಹತ್ತಿಸಿಕೊಂಡರು. ಶಿರಾಕ್ಕೆ ಹೊಸ ತಮಾಷೆ ಸಿಕ್ಕಿತು. ಮಸೀದಿಯಿಂದ ಬರುವವರು ಶೆಡ್ಡಿಗೆ ಇಣುಕಿ, "ಏನ್ ಸಾಬ್, ಗಂಜಿ ಬೆಂತಾ?" ಎಂದು ಕೇಳಿ ಹೋಗುತ್ತಿದ್ದರು.

ಅಮೀರ್ ಬಿಯೂ ಬಿಡಲಿಲ್ಲ. "ಈ ಕಾಂಜಿ ಕಲ್ತು ನಮಗೆ ಗಂಜಿ ಹುಟ್ತದಾ?"

"ಹುಟ್ತದೆ. ನಿನ್ ಮಗ ಕುಡಿಯಾಕೆ ಬತ್ತಾನೆ, ಆವಾಗ ಕೊಡಬ್ಯಾಡ," ಎಂದರು ಸಾಬರು, ಬ್ರಷ್ಷು ಎತ್ತದೆ.

ರಂಜಾನಿಗೆ ಇನ್ನೂ ಸಮಯವಿರುವಾಗ ನವೀನ ಕಂಪನಿಯಿಂದ ಮೊದಲ ಬೋರ್ಡಿನ ಕೆಲಸ ತಂದ. ಓಕುರಾ ಅವರ ಬಂಗಲೆಯ ಗೇಟಿಗೆ 'ನಾಯಿ ಇದೆ, ಎಚ್ಚರಿಕೆ' ಎಂದು ಮೂರು ಭಾಷೆಯಲ್ಲಿ. ಅವರ ನಾಯಿ ಆಗಲೇ ಕೊರಿಯರ್ ಹುಡುಗರನ್ನು ಕಚ್ಚಿತ್ತು. ಇದು ಚೆನ್ನಾಗಿ ಬಂದರೆ ಅಂಗಳದ ಬೋರ್ಡುಗಳೆಲ್ಲ ಸಾಬರಿಗೆ. ಜಪಾನಿ ಸಾಲನ್ನು ಕಂಪನಿಯವರೇ ಸುಹೇಲನ ಅಂಗಡಿಗೆ ಮೇಲ್ ಮಾಡಿದ್ದರು. ಅವನು ಅದನ್ನು ಕಾಗದದ ಮೇಲೆ ದೊಡ್ಡದಾಗಿ ಪ್ರಿಂಟ್ ತೆಗೆದು ಅಪ್ಪನ ಮುಂದೆ ಎಸೆದ. ನೋಡಿಕೊಂಡು ಬರೆದರೆ ಮುಗಿಯುತ್ತಿತ್ತು.

ಸಾಬರು ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು.

ಅವರೇ ನನಗೆ ತೋರಿಸಿದರು. ಕೈಕಾಲು ಅಗಲಿಸಿ ನಿಂತ ಮನುಷ್ಯನ ಹಾಗಿರುವ ಒಂದು ಅಕ್ಷರ, ಅದಕ್ಕೊಂದು ಚುಕ್ಕೆ. ಸುಹೇಲನ ಪ್ರಿಂಟಿನಲ್ಲಿ ಚುಕ್ಕೆ ಮೇಲೆ, ಬಲ ಭುಜದ ಹತ್ತಿರ. ಪುಸ್ತಕದಲ್ಲಿ ನಾಯಿಯ ಚಿತ್ರದ ಪಕ್ಕದ ಚೌಕದಲ್ಲಿ ಚುಕ್ಕೆ ಕೆಳಗೆ, ಎರಡು ಕಾಲಿನ ನಡುವೆ. ಅದರ ಮೇಲೆ ಟೀಚರಿನ ಕೆಂಪು ಟಿಕ್.

"ನೋಡಿದ್ರಾ ಅಮ್ಮ ಕಂಪ್ಯೂಟರ್ ಬುದ್ಧಿ? ನಮ್ ಕನ್ನಡದ ಒತ್ತು ಹಾರಿಸ್ದಂಗೆ ಅವ್ರ ಚುಕ್ಕೆನೂ ಹಾರಿಸ್ಬುಟ್ಟೈತೆ. ಉರ್ದುನಾಗೆ ಚುಕ್ಕೆ ಕೆಳಗಿದ್ರೆ ಜೀಮ್ ಅನ್ನೋ ಅಕ್ಷರ, ಮೇಲಿದ್ರೆ ಖೇ. ಚುಕ್ಕೆ ಅಂದ್ರೆ ಹುಡುಗಾಟ ಅಲ್ಲ."

ಸುಹೇಲ್ ಬಾಗಿಲಲ್ಲಿ ನಿಂತಿದ್ದ. "ಕಂಪನಿಯೋರು ಕಳ್ಸಿರೋದು ಅಬ್ಬಾ. ನೋಡ್ಕಂಡ್ ಬರಿ, ಸಾಕು."

"ಕಂಪನಿಯೋರು ಸರ್ಯಾಗೇ ಕಳ್ಸವ್ರೆ. ನಿನ್ ಮೆಷಿನ್ನು ಕೆಡಿಸೈತೆ. ಕೈ ನಡುಗೋನಿಗೆ ಅಕ್ಷರ ಏನ್ ಗೊತ್ತು, ಹೋಗ್ಲಾ."

ಸುಹೇಲನ ಮುಖ ಕಪ್ಪಾಯಿತು. ತನ್ನ ಅಂಗಡಿಗೆ ಹೋದ.

ಸಾಬರು ಚುಕ್ಕೆಯನ್ನು ಕೆಳಗಿಟ್ಟೇ ಬರೆದರು. ಬೋರ್ಡು ಸುಂದರವಾಗಿತ್ತು. ಹಳದಿಯ ಮೇಲೆ ಕಪ್ಪು, ಅಂಚಿಗೆ ತೆಳುವಾದ ಕೆಂಪು ನೆರಳು. ಮರುದಿನ ಮಗಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ ಬರುವಾಗ, ಒಣಗಲು ಒರಗಿಸಿದ್ದ ಬೋರ್ಡಿನ ಮುಂದೆ ಸುಹೇಲ್ ಫೋನ್ ಹಿಡಿದು ನಿಂತಿದ್ದ. ಫೋಟೊ ತೆಗೆಯುತ್ತಿದ್ದಾನೆ, ಒಳಗೊಳಗೇ ಹೆಮ್ಮೆ ಇರಬೇಕು ಎಂದುಕೊಂಡೆ. ಅವನು ಪರದೆ ನೋಡಿ ತುಟಿಯಲ್ಲೇ ನಕ್ಕು, ಫೋನನ್ನು ಜೇಬಿಗಿಟ್ಟು, ತಾನೇ ಬೋರ್ಡನ್ನು ಆಟೋಗೆ ಏರಿಸಿದ.

ಓಕುರಾ ಊರಲ್ಲಿರಲಿಲ್ಲ. ಭಾನುವಾರ ಜಪಾನಿನ ಅತಿಥಿಗಳ ಜೊತೆ ಬಂದರು. ಓಕುರಾ ದಪ್ಪ ಮನುಷ್ಯ, ಕಾರಿನಿಂದ ಇಳಿಯಬೇಕಾದರೆ ಬಾಗಿಲು ಹಿಡಿದುಕೊಂಡು ಇಳಿಯುವಂಥವರು. ಗೇಟಿನ ಮುಂದೆ ಅತಿಥಿಗಳು ಮೊದಲು ಬೋರ್ಡು ಓದಿದರು, ಆಮೇಲೆ ಓಕುರಾ ಅವರನ್ನು ನೋಡಿದರು, ಆಮೇಲೆ ರಸ್ತೆಯಲ್ಲೇ ಬಿದ್ದು ಬಿದ್ದು ನಕ್ಕರು. ಆ ಅಕ್ಷರಕ್ಕೆ ಚುಕ್ಕೆ ಮೇಲಿದ್ದರೆ ನಾಯಿ. ಕೆಳಗಿದ್ದರೆ ದಪ್ಪ. 'ದಪ್ಪ ಇದೆ, ಎಚ್ಚರಿಕೆ' ಎಂದು ಗೇಟಿನ ಮೇಲ್ಗಡೆ ತೂಗುತ್ತಿತ್ತು. ಒಬ್ಬೊಬ್ಬರಾಗಿ ಬೋರ್ಡಿನ ಕೆಳಗೆ ಓಕುರಾರನ್ನು ನಿಲ್ಲಿಸಿ ಫೋಟೊ ತೆಗೆದರು. ಸಂಜೆಗೆ ಅದು ಕಂಪನಿಯ ಎಲ್ಲರ ಫೋನಿನಲ್ಲಿತ್ತು, ಮರುದಿನ ಶಿರಾದ ಎಲ್ಲರ ಫೋನಿನಲ್ಲಿ.

ಓಕುರಾಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಬರೆದವನನ್ನು ನೋಡಬೇಕೆಂದು ಅವರೇ ಬಂದರು, ಜೊತೆಗೆ ಕಂಪನಿಯ ದುಭಾಷಿ ರಕ್ಷಾ. ತೋವಿನಕೆರೆಯ ಹುಡುಗಿ, ಬೆಂಗಳೂರಿನಲ್ಲಿ ಜಪಾನಿ ಕಲಿತವಳು. ಕಾರು ಕಂಡು ನಾನೂ ಕೆಳಗಿಳಿದೆ.

ಓಕುರಾ ಶೆಡ್ಡಿನ ಗೋಡೆಯ ಮುಂದೆ ನಿಂತು ಓದತೊಡಗಿದರು. ಒಂದೊಂದು ಓದಿದಾಗಲೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ರಕ್ಷಾ ನಗು ತಡೆದುಕೊಂಡು ಹೇಳಿದಳು: ಮರದ ಕೆಳಗೆ ಮಲಗಿದವನ ಅಕ್ಷರ 'ವಿಶ್ರಾಂತಿ' ಆಗಬೇಕಿತ್ತು, ಬುಡದಲ್ಲೊಂದು ಗೆರೆ ಹೆಚ್ಚಾಗಿ 'ಮೈ' ಆಗಿದೆ. 'ಬಲಗಡೆ' ಇರಬೇಕಾದ ಕಡೆ ಒಂದು ಗೆರೆ ತಲೆ ತಗ್ಗಿಸಿ 'ಕಲ್ಲು' ಆಗಿದೆ. ಕಪ್ಪೆಚಿಪ್ಪು 'ನೋಡು' ಆಗಿದೆ.

"ಯಾರು ಹೇಳಿಕೊಟ್ಟಿದ್ದು ಸಾಬ್ರೇ ನಿಮಗೆ?"

ಸಾಬರು ಪುಸ್ತಕ ಕೊಟ್ಟರು. "ಇದ್ರಾಗೈತೆ. ಟೀಚರಮ್ಮ ಟಿಕ್ ಹಾಕವ್ಳೆ ನೋಡಿ. ನಾನು ಟಿಕ್ ಬಿಟ್ಟು ಬೇರೆ ಒಂದೂ ಬರ್ದಿಲ್ಲ."

ರಕ್ಷಾ ಪುಟ ತಿರುವಿದಳು. ನಗು ನಿಂತಿತು.

"ಅಲ್ಲಿ ಟಿಕ್ ಅಂದ್ರೆ ತಪ್ಪು, ಸಾಬ್ರೇ. ಸರಿ ಇದ್ರೆ ಸುತ್ತ ಸೊನ್ನೆ ಸುತ್ತುತಾರೆ."

"ಸೊನ್ನೆನಾ?"

"ಹೂಂ. ಸೊನ್ನೆ ಅಂದ್ರೆ ಸರಿ."

ಸಾಬರು ಪುಟ ತುಂಬ ಸುರುಳಿ ಗೀಚಿದ್ದನ್ನು ಬೆರಳಿಟ್ಟು ತೋರಿಸಿದರು. "ಇದು?"

"ಇದು ಹೂವು. ಬಹಳ ಬಹಳ ಚೆನ್ನಾಗಿದೆ ಅಂತ. ಅದಕ್ಕಿಂತ ಮೇಲೆ ಇನ್ನೇನಿಲ್ಲ. ಈ ಮಗು ಕ್ಲಾಸಿಗೇ ಮುಂದೆ ಇತ್ತೇನೋ. ಎಲ್ಲೋ ಒಂದೊಂದು ತಪ್ಪು ಮಾಡಿದೆ."

"ಆ ಒಂದೊಂದ್ನೇ ಹುಡ್ಕಿ ಹುಡ್ಕಿ ಕಲ್ತವ್ರೆ ನಮ್ ಅಬ್ಬಾ," ಎಂದ ಸುಹೇಲ್ ಬಾಗಿಲಿನಿಂದ. "ಇಡೀ ಜಪಾನಿನ ಬುದ್ಧಿ ಬುಟ್ಟು, ಒಂದು ಮಗುವಿನ ದಡ್ಡತನ ಆರಿಸ್ಕಂಡವ್ರೆ."

ರಕ್ಷಾ ಅದನ್ನೂ ಅನುವಾದ ಮಾಡಿದಳು. ಓಕುರಾ ಕಣ್ಣೊರೆಸಿಕೊಂಡು ನಗುತ್ತಾ ಸಾಬರ ಬೆನ್ನು ತಟ್ಟಿದರು. ಬೋರ್ಡು ಗೇಟಿನ ಮೇಲೆ ಹಾಗೇ ಇರಲಿ, ಅತಿಥಿಗಳಿಗೆ ತೋರಿಸಲು ಬೇಕು ಎಂದರು. ಅಂಗಳದ ಕೆಲಸ ಮಾತ್ರ ದಪ್ಪ ಸ್ಟಿಕ್ಕರಿನಲ್ಲಿ ಸುಹೇಲನೇ ಮಾಡಲಿ ಎಂದರು. ಕಾರು ಹೊರಟಿತು.

ಸಾಬರು ಮಗನ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತಾ?"

"ಫೋನ್ ಹಿಡ್ದು ನೋಡ್ದೆ. ದಪ್ಪ ಅಂತ ತೋರ್ಸ್ತು."

"ಯಾಕ್ ಹೇಳ್ಲಿಲ್ಲ?"

"ಕೈ ನಡುಗೋನಿಗೆ ಏನ್ ಗೊತ್ತು, ಅಲ್ವಾ?"

ರಂಜಾನಿನ ತನಕವೂ ಕಾಯಲಿಲ್ಲ. ಅದೇ ವಾರ ಶೆಡ್ಡು ಖಾಲಿಯಾಯಿತು. ಡಬ್ಬಗಳು ಗುಜರಿಗೆ, ಗೋಡೆಗೆ ಸುಣ್ಣ. ಸುಣ್ಣ ಒಣಗಿದ ಮೇಲೂ ಕಪ್ಪಕ್ಷರಗಳು ಮಸುಕಾಗಿ ಕಾಣುತ್ತಿದ್ದವು, ಅವುಗಳ ಮುಂದೆ ಹೊಸ ಮೆಷಿನ್ ಬಂದು ಕೂತಿತು. ಸಾಬರು ಅದರ ಪಕ್ಕ ಸ್ಟೂಲಿನ ಮೇಲೆ ಕೂತು ಫ್ಲೆಕ್ಸಿನ ಮೂಲೆಗಳಿಗೆ ಕಣ್ಣು ಹೊಡೆಯತೊಡಗಿದರು. ಥಿನ್ನರ್ ವಾಸನೆ ನಿಂತಿತು. ಮಗಳ ಕೆಮ್ಮು ಕಡಿಮೆಯಾಯಿತೆಂದು ನಾನು ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಊರಿನಲ್ಲಿ ಅವರಿಗೆ ಸೊನ್ನೆ ಸಾಬ್ ಎಂದು ಹೆಸರಾಯಿತು. ಅದನ್ನು ಮೊದಲು ಕರೆದವನು ಸುಹೇಲನೇ. ಅಷ್ಟಕ್ಕೂ ಅವನಿಗೆ ತೃಪ್ತಿಯಾಗಲಿಲ್ಲ. ಪ್ರಿಂಟಿಗೆ ಹಾಕುವ ಮೊದಲು ಪ್ರತಿಯೊಂದರ ಮಾದರಿಯನ್ನು ಕಾಗದದ ಮೇಲೆ ತೆಗೆದು, ಗಿರಾಕಿಗಳ ಮುಂದೆಯೇ ಅಪ್ಪನ ತೊಡೆಗೆ ಎಸೆಯುತ್ತಿದ್ದ.

"ತಗಳಪ್ಪ ಜಪಾನ್ ಮೇಷ್ಟ್ರೇ, ಪೇಪರ್ ನೋಡು. ಇನ್ಮ್ಯಾಕೆ ಜಪಾನ್ ಲೆಕ್ಕ. ಸರಿ ಇದ್ರೆ ಸೊನ್ನೆ, ತಪ್ಪಿದ್ರೆ ಟಿಕ್ಕು. ಮರ್ತೋಗಿ ಹಳೇ ಲೆಕ್ಕ ಹಾಕ್ಬುಟ್ಟೀಯ."

ಗಿರಾಕಿಗಳು ನಗುತ್ತಿದ್ದರು. ಸಾಬರು ಕೆಂಪು ಮಾರ್ಕರ್ ತೆಗೆದು ಕಾಗದದ ಮೂಲೆಯಲ್ಲಿ ದೊಡ್ಡದೊಂದು ಸೊನ್ನೆ ಹಾಕಿ ಕೊಡುತ್ತಿದ್ದರು. ತಪ್ಪಿದ್ದರೆ ತಪ್ಪಿದ ಕಡೆ ಟಿಕ್. ಸುಹೇಲ್ ತಿದ್ದಿ ಪ್ರಿಂಟ್ ಹಾಕುತ್ತಿದ್ದ. ಅವನ ಫ್ಲೆಕ್ಸುಗಳಲ್ಲಿ ತಪ್ಪೇ ಇಲ್ಲವೆಂದು ಹೆಸರು ಬಂತು. ಅಪ್ಪನ ಕಣ್ಣು ಅವನಿಗೆ ಬೇಕಿತ್ತು, ಬೇಕೆಂದು ಹೇಳಲು ಮಾತ್ರ ಅವನಿಂದಾಗಲಿಲ್ಲ.

ಮುಂದೆ ಭೀಮರಾಜುವಿನ ಹುಟ್ಟುಹಬ್ಬ ಬಂತು. ಭೀಮರಾಜು ಎಂದರೆ ಸುತ್ತಮುತ್ತ ಭಯವಿರುವ ಆಸಾಮಿ. ಜಮೀನಿನ ವ್ಯಾಜ್ಯ, ಮರಳು, ಹಿಂದೆ ಬುಲೆಟ್ಟುಗಳ ಮೇಲೆ ಹುಡುಗರ ದಂಡು. ಊರ ತುಂಬ ಕಟ್ಟಲು ಫ್ಲೆಕ್ಸ್ ಬೇಕೆಂದು ಆ ಹುಡುಗರು ಬಂದು ಅವಸರ ಮಾಡುತ್ತಾ ನಿಂತಿದ್ದರು. ನಾನು ಬಾಡಿಗೆ ರಸೀದಿ ಕೇಳಲು ಇಳಿದಿದ್ದೆ. ಸುಹೇಲ್ ಟೈಪ್ ಮಾಡಿ ಮಾದರಿ ತೆಗೆದು ಎಂದಿನಂತೆ ಎಸೆದ.

"ಬೇಗ ಹಾಕ್ ಸೊನ್ನೆ ಸಾಬ್."

'ನಮ್ಮ ನೆಚ್ಚಿನ ನಾಯಕ ಭೀಮರಾಜು ಅವರಿಗೆ' ಎಂದಿರಬೇಕಿತ್ತು. ಅವಸರದಲ್ಲಿ ಒಂದು ಗುಡಿಸು ಹೆಚ್ಚಾಗಿ ಬಿದ್ದಿತ್ತು. 'ನಾಯಕ' ಹೋಗಿ 'ನಾಯಿಕ' ಆಗಿತ್ತು. ಇದು ನನಗೆ ತಿಳಿದದ್ದು ಆಮೇಲೆ, ಊರಿಗೆಲ್ಲ ತಿಳಿದಾಗ. ಆ ಹೊತ್ತು ನಾನು ಕಂಡದ್ದಿಷ್ಟೇ. ಸಾಬರು ಕಾಗದವನ್ನು ಕಣ್ಣಿನ ಹತ್ತಿರ ತಂದು ತುಸು ಹೊತ್ತು ನೋಡಿದರು. ಮಾರ್ಕರಿನ ಮುಚ್ಚಳ ತೆಗೆದರು. ಮೂಲೆಯಲ್ಲಿ ದೊಡ್ಡ ಸೊನ್ನೆ ಹಾಕಲಿಲ್ಲ. ನಡುವೆ ಒಂದು ಪದದ ಸುತ್ತ, ತಲೆಯಿಂದ ಶುರುಮಾಡಿ, ನಿಧಾನವಾಗಿ, ಒಂದು ಪುಟ್ಟ ಸೊನ್ನೆ ಸುತ್ತಿ ಕೂಡಿಸಿದರು. ಏಣಿ ಹತ್ತಿ ಮಗನ ಫ್ಲೆಕ್ಸುಗಳ ಮೇಲೆ ಸುತ್ತುತ್ತಿದ್ದರಲ್ಲ, ಅಂಥದ್ದು.

ಸುಹೇಲ್ ಕೆಂಪು ಸೊನ್ನೆ ಕಂಡ, ಓದಲಿಲ್ಲ, ಪ್ರಿಂಟ್ ಒತ್ತಿದ. ಸಾಬರು ಒಂದೊಂದು ಫ್ಲೆಕ್ಸಿಗೂ ನಾಲ್ಕು ಮೂಲೆ ಹಿಡಿದು ಶ್ರದ್ಧೆಯಿಂದ ಕಣ್ಣು ಹೊಡೆದರು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆಲ್ಲ ಸರ್ಕಲ್ಲಿನಲ್ಲಿ ಜನ ನಿಂತು ಫೋಟೊ ತೆಗೆಯುತ್ತಿದ್ದರು. ಹನ್ನೊಂದಕ್ಕೆ ಬುಲೆಟ್ಟುಗಳು ನಮ್ಮ ಬೀದಿಗೆ ಬಂದವು. ನಾನು ಮಗಳನ್ನು ಎತ್ತಿಕೊಂಡು ಮಹಡಿಯ ಕಿಟಕಿಯಲ್ಲಿದ್ದೆ. ಕಿತ್ತು ತಂದ ಫ್ಲೆಕ್ಸನ್ನು ರಸ್ತೆಯ ಮೇಲೆ ಹಾಸಿ, ಸುಹೇಲನ ಕುತ್ತಿಗೆ ಹಿಡಿದು ಅದರ ಮೇಲೆ ಮಂಡಿಯೂರಿಸಿದರು.

"ಓದ್ಲಾ," ಎಂದ ಒಬ್ಬ.

"ಅಣ್ಣ, ಮಿಸ್ಟೇಕ್ ಆಗ್ಬುಟ್ಟೈತೆ..."

"ಮಿಸ್ಟೇಕ್ ಆಮ್ಯಾಕೆ. ಮೊದ್ಲು ಓದು. ಒಂದೊಂದೇ ಅಕ್ಷರ. ಜೋರಾಗಿ."

"ನಾ..."

"ಆಮೇಲೆ?"

"...ಯಿ..."

ಅಷ್ಟಕ್ಕೇ ಹೊಡೆತ ಬಿತ್ತು. ಮತ್ತೆ ಮೊದಲಿನಿಂದ ಓದಿಸಿದರು, ಮತ್ತೆ ಹೊಡೆದರು. ನಾನು ಮಗಳ ಮುಖವನ್ನು ಹೆಗಲಿಗೆ ಒತ್ತಿಕೊಂಡೆ. ಇಬ್ಬರು ಒಳಗೆ ಹೋಗಿ ಹೊಸ ಮೆಷಿನ್ನನ್ನು ಕಬ್ಬಿಣದ ಸರಳಿನಿಂದ ಬಡಿದರು. ಸಾಬರನ್ನು ಯಾರೂ ಮುಟ್ಟಲಿಲ್ಲ. ಅವರು ಸ್ಟೂಲಿನ ಮೇಲೆ ಕೂತೇ ಇದ್ದರು, ಕೈಯಲ್ಲಿ ತೂತು ಹೊಡೆಯುವ ಪಂಚು.

ಬುಲೆಟ್ಟುಗಳು ಹೋದ ಮೇಲೆ ಸುಹೇಲ್ ತೆವಳಿಕೊಂಡು ಹೊಸ್ತಿಲಿಗೆ ಬಂದ. ತುಟಿ ಒಡೆದಿತ್ತು. ಬಲಗೈ ನಡುಗುತ್ತಿತ್ತು. ಜಗಳ ಕನ್ನಡದಲ್ಲೇ ಆಯಿತು.

"ಸೊನ್ನೆ ಯಾಕ್ ಹಾಕ್ದೆ?"

"ತಪ್ಪಿತ್ತು. ಹಾಕ್ದೆ."

"ಸೊನ್ನೆ ಅಂದ್ರೆ ಸರಿ ಅಂತ..."

"ಅದು ಜಪಾನ್ನಾಗೆ ಕಣ್ಲಾ. ಇದು ಕನ್ನಡ. ಕನ್ನಡದ ತಪ್ಪಿಗೆ ನಾನು ಯಾವಾಗ್ಲೂ ಸೊನ್ನೆನೇ ಸುತ್ತೋದು. ಊರಿಗೆಲ್ಲ ಗೊತ್ತು."

"ಬಾಯ್ಬಿಟ್ಟು ಹೇಳಾಕ್ ಏನಾಗಿತ್ತು ನಿಂಗೆ?"

"ನೀನು ಫೋನ್ ಹಿಡ್ಕಂಡು ಓದ್ದಾಗ ಏನಾಗಿತ್ತು?"

ಅಮೀರ್ ಬಿ ಒಳಗಿನಿಂದ ಬರಲಿಲ್ಲ. ಸಾಬರು ಎದ್ದರು. ಶೆಡ್ಡಿನ ಮೂಲೆಯಲ್ಲಿ, ಗುಜರಿಗೆ ಹೋಗದೆ ಉಳಿದಿದ್ದ, ಮುಚ್ಚಳ ಬಿಗಿದ ಒಂದು ಡಬ್ಬದಿಂದ ಹಳೆಯ ಒದ್ದೆ ಬಟ್ಟೆಯೊಂದನ್ನು ಎಳೆದರು. ಮಗನ ಮುಂದೆ ಕುಕ್ಕರಗಾಲಲ್ಲಿ ಕೂತು, ಎಡಗೈಯಲ್ಲಿ ಅವನ ಗಲ್ಲ ಹಿಡಿದು, ಆ ಬಟ್ಟೆಯಿಂದ ಅವನ ಮುಖದ ರಕ್ತವನ್ನು ಒರೆಸತೊಡಗಿದರು. ಒಡೆದ ತುಟಿಗೆ ಬಟ್ಟೆ ತಾಗಿದ್ದೇ ಸುಹೇಲ್ ಚಿಕ್ಕ ಹುಡುಗನ ಹಾಗೆ ಕಿರುಚಿದ. ಸಾಬರು ಬಿಡಲಿಲ್ಲ, ಮೂಲೆ ಮೂಲೆ ಒರೆಸಿದರು.

ಥಿನ್ನರ್ ವಾಸನೆ ಮಹಡಿಯವರೆಗೂ ಬಂತು. ಮಗಳು ಕೆಮ್ಮಿದಳು. ನಾನು ಕಿಟಕಿ ಹಾಕಿಕೊಂಡೆ.